ಉತಾರದಾಗ ಹೆಸರು ಬಂದ ಯುಗಾದಿ

2023ರಲ್ಲಿ ನಮ್ಮ ಮನೆ ಕಣ್ಣೀರು ಹಾಕಿದ್ದಕ್ಕೆ ಮಳೆಯೊಂದೇ ಕಾರಣವಲ್ಲ. ಮಳೆ ನಮ್ಮೂರು ಕುರ್ತಕೋಟಿಯ ಎಲ್ಲರಿಗೂ ಕೈಕೊಟ್ಟಿತು. ನಮಗೆ ಭಾವನವರೂ ಕೈಕೊಟ್ಟರು. ಇದನ್ನು ಓದಿ ಅವರಿಗೆ ಸಿಟ್ಟು ಬಂದರೆ ಬರಲಿ.

ದೇಶದಲ್ಲಿ 1901ರಿಂದೀಚೆಗೆ 2023ರಷ್ಟು ಒಣ ಆಗಸ್ಟ್ ಬಂದಿರಲಿಲ್ಲವಂತೆ. ಎರಿ ಹೊಲದಲ್ಲಿ ಹೆಸರು ಹೂವಾಡಿತ್ತು, ಕಾಯಿ ಹಿಡಿಯಲಿಲ್ಲ. ಹಿಂಗಾರಿಗೆ ಹಾಕಿದ ಕಡಲಿ ಗೇಣುದ್ದ ಬೆಳೆದು ಒಣಗಿತು. ದೀಪಾವಳಿ ಹೊತ್ತಿಗೆ ಕಣಕಿ ಬಣವಿಯೂ ಮುಗಿಯಿತು.

ಎತ್ತು ಮಾರಿದ್ದು ಆಗಲೇ. ಗದಗಿನ ದನದ ಸಂತೆಯಲ್ಲಿ ಮಾರುವವರೇ ಹೆಚ್ಚು, ಕೊಳ್ಳುವವರು ಕಡಿಮೆ. ಟವೆಲ್ ಕೆಳಗೆ ಬೆರಳು ಹಿಡಿದು ದಲ್ಲಾಳಿ ಹೇಳಿದ ದರಕ್ಕೆ ನಮ್ಮವರು ಮೊದಲು ಕೈ ಕಿತ್ತುಕೊಂಡರು, ಸಂಜೆಗೆ ಅದೇ ದರಕ್ಕೆ ಒಪ್ಪಿದರು. ಒಂದೆತ್ತು ಟೆಂಪೋ ಏರಿತು. ಇನ್ನೊಂದು ಕಾಲೂರಿ ನಿಂತುಬಿಟ್ಟಿತು. ಹಗ್ಗ ಜಗ್ಗಿದರು, ಬಾಲ ಮುರಿದರು, ಕದಲಲಿಲ್ಲ. ಕರುವಿದ್ದಾಗಿನಿಂದ ಅದಕ್ಕೆ ನೀರು ಕುಡಿಸಿದವಳು ನಾನು. ಹೊಡೆಯುವುದನ್ನು ನೋಡಲಾಗದೆ ನಾನೇ ಟೆಂಪೋದೊಳಗೆ ಹತ್ತಿ ಕರೆದೆ. ನನ್ನ ದನಿ ನಂಬಿ ಏರಿತು. ನಾನು ಕೆಳಗಿಳಿದೆ, ಹಲಗೆ ಹಾಕಿದರು. ಊರಿಗೆ ಬರುವತನಕ ನಾವಿಬ್ಬರೂ ಮಾತಾಡಲಿಲ್ಲ. ಮುಂದೆ ನಮ್ಮವರು ದುಡಿಯಲು ಗೋವಾಕ್ಕೆ ಹೋದರು.

ಸರಕಾರ 223 ತಾಲೂಕುಗಳನ್ನು ಬರಪೀಡಿತ ಎಂದಿತು, ಗದಗವೂ ಅದರಲ್ಲಿತ್ತು. 2024ರ ಜನವರಿಯಲ್ಲಿ ಪರಿಹಾರದ ಮೊದಲ ಕಂತೆಂದು 2,000 ರೂಪಾಯಿವರೆಗೆ ರೈತರ ಖಾತೆಗೆ ಬಂತು. ನಮಗೆ ಬರಲಿಲ್ಲ. ಉತಾರ (ಪಹಣಿ) ಹಿಡಿದು ಕೇಳಲು ಹೋದರೆ ನಾಡ ಕಚೇರಿಯವರು ಕಂಪ್ಯೂಟರಿನಿಂದ ತಲೆ ಎತ್ತದೆ, “ಯವ್ವಾ, ಉತಾರದಾಗ ಇನ್ನೂ ನಿಮ್ಮ ಮಾವನ ಹೆಸರೈತಿ. ಸತ್ತವರಿಗೆ ಹೆಂಗ ಹಾಕೂದು?” ಎಂದರು. ವಾರಸುದಾರರ ಹೆಸರು ಸೇರಿಸುವ ವಾರಸಾಕ್ಕೆ ಅರ್ಜಿ ಕೊಟ್ಟರೆ ಭಾವನವರು ತಕರಾರು ಹಾಕಿದರು. ವಾಟ್ನಿ (ಹೊಲದ ಪಾಲು) ಆಗುವತನಕ ಯಾರ ಹೆಸರೂ ಬೇಡ ಎಂಬುದು ಅವರ ಹಟ. ವಾರಸಾ ಬೇರೆ, ವಾಟ್ನಿ ಬೇರೆ ಎಂದು ಬಿಡಿಸಿ ಹೇಳಬೇಕಾದ ಅಧಿಕಾರಿ “ಮನ್ಯಾಗ ಬಗೀಹರಿಸ್ಕೊಂಡ ಬರ್ರಿ” ಎಂದು ಕಾಗದ ತಿರುಗಿಸಿ ಕೊಟ್ಟರು. ಆ ಮಾತು ಇವತ್ತಿಗೂ ಉರಿಯುತ್ತದೆ.

ಬಗೆಹರಿಸಿದವರು ನಮ್ಮತ್ತೆ. ಕೋಲೂರಿಕೊಂಡು ಕಚೇರಿಗೆ ಬಂದು, “ನಾ ಇನ್ನೂ ಬದುಕೇನ್ರಿ. ಮೊದಲ ನನ್ನ ಹೆಸರ ಬರೀರಿ, ಆಮ್ಯಾಲ ನನ್ನ ಮಕ್ಕಳದು” ಎಂದರು. ತಾಯಿಯ ಎದುರು ಭಾವನವರು ತಕರಾರು ಹಿಂತೆಗೆದುಕೊಂಡರು. ಯುಗಾದಿಗೆ ಮುಂಚೆ ಜಂಟಿ ಹೆಸರಿನ ಉತಾರ ಕೈಸೇರಿತು. ನಮ್ಮವರು ಗೋವಾದಿಂದ ಬಂದರು. ಯುಗಾದಿಯ ದಿನ, ಏಪ್ರಿಲ್ 9ರಂದು, ದೇವರ ಮುಂದೆ ಬೇವು ಇಟ್ಟು, ಓಣಿಯ ಅಣ್ಣನೊಬ್ಬರ ಎತ್ತು ಕೇಳಿ ತಂದು ಹೊಲದಲ್ಲಿ ಗಳೆ ಹೂಡಿದೆವು. ಅವರ ಹೊಲಕ್ಕೆ ಮುಯ್ಯಾಳಾಗಿ ನಾವಿಬ್ಬರೂ ಹೋಗುವುದೆಂದಾಯಿತು. ಪೂರ್ತಿ ಪರಿಹಾರ ಆಗಿನ್ನೂ ಬಂದಿರಲಿಲ್ಲ. ಒಣಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿಯ ಲೆಕ್ಕವಿತ್ತು, ಕೇಂದ್ರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬಂದರೆ ಈ ಸಲ ನಮ್ಮ ಖಾತೆಗೂ ಬರುತ್ತದೆ ಅಂದುಕೊಂಡೆ. ಆ ಹೊಸ ವರ್ಷದಲ್ಲಿ ನನಗಿದ್ದ ಧೈರ್ಯ ಅದು.

ತೀರಿಹೋದವರ ಹೆಸರಲ್ಲಿ ಹೊಲ ಇಟ್ಟುಕೊಂಡು ಕೂತವರು ನಮ್ಮ ಊರಲ್ಲೇ ಇನ್ನೂ ಇದ್ದಾರೆ. ಮಳೆಗಾಲಕ್ಕೆ ಕಾಯಬೇಡಿ. ಮರಣ ದಾಖಲೆ, ವಂಶಾವಳಿ ತೆಗೆದುಕೊಂಡು ನಾಡ ಕಚೇರಿಗೆ ಹೋಗಿ, ವಾರಸಾ ಮಾಡಿಸಿ. ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಕೇಳಿ. ಮನೆಯಲ್ಲಿ ಯಾರಾದರೂ ಅಡ್ಡ ನಿಂತರೆ ಹಿರಿಯರನ್ನು ಕರೆದುಕೊಂಡೇ ಹೋಗಿ.