ಬಹಳ ದಿನ ನಿಂತ ಡೀಸೆಲ್ ವ್ಯಾನು ಚಳಿಗೆ ಸ್ಟಾರ್ಟ್ ಆಗದಿದ್ದರೆ: ಮೊದಲು ಹೊಗೆ ನೋಡಿ



ಮಾರ್ಗಶಿರದ ಬೆಳಗ್ಗೆ ಬಾಟಲಿಯಲ್ಲಿನ ಕೊಬ್ಬರಿ ಎಣ್ಣೆ ಬೆಣ್ಣೆಯ ಹಾಗೆ ಗಟ್ಟಿಯಾಗಿರುವುದು ನಮ್ಮ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಕಾಣುವಂಥದ್ದು. ಅದೇ ಬೆಳಗ್ಗೆ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಹಳೆಯ ಡೀಸೆಲ್ ವ್ಯಾನು ಸ್ಟಾರ್ಟ್ ಆಗದಿದ್ದರೆ, ಡೀಸೆಲ್ಲೂ ಹಾಗೇ ಹೆಪ್ಪುಗಟ್ಟಿರಬೇಕು ಎಂದು ಊಹಿಸುವವರಿದ್ದಾರೆ. ಟ್ಯಾಂಕಿನ ಕೆಳಗೆ ತೆಂಗಿನ ಮಟ್ಟೆಯ ಬೆಂಕಿ ಹಾಕುವವರೂ ಇದ್ದಾರೆ. ಈ ಕೆಲಸ ಖಂಡಿತ ಬೇಡ. ಕೊಬ್ಬರಿ ಎಣ್ಣೆ 24-25 ಡಿಗ್ರಿಗೇ ಗಟ್ಟಿಯಾಗುತ್ತದೆ, ಡೀಸೆಲ್ ಹಾಗಲ್ಲ. ಡೀಸೆಲ್ ಮೇಣಗಟ್ಟಿ ಗಾಡಿ ನಿಲ್ಲುವುದು ಲಡಾಖಿನಂಥ ಕಡೆಯ ಕಷ್ಟ. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಯ ಚಳಿಗೆ ಡೀಸೆಲ್ ಗಟ್ಟಿಯಾಗುವುದು ತೀರ ಅಪರೂಪ. ಇಲ್ಲಿ ತೊಂದರೆ ಕೊಡುವುದು ಚಳಿಗಿಂತ ಹೆಚ್ಚಾಗಿ ಗಾಡಿ ನಿಂತ ದಿನಗಳು. ಚಳಿ ಆ ದೋಷವನ್ನು ಹೊರಗೆ ಹಾಕುತ್ತದೆ, ಅಷ್ಟೇ.

ಹುಲ್ಲು, ಜೋಳದ ಕಡ್ಡಿ, ಹಿಂಡಿ ಮೂಟೆ, ಕಾಯಿ ಸಾಗಿಸಲು ಕೊಂಡ ಹಳೆಯ ಗೂಡ್ಸ್ ವ್ಯಾನು ಅನೇಕ ಮನೆಗಳಲ್ಲಿದೆ. ಓಡಿಸುವವರು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಗಾಡಿ ಶೆಡ್ಡು ಸೇರುತ್ತದೆ. ಮತ್ತೆ ಬೇಕಾಗುವುದು ಅವಸರದಲ್ಲಿ. ಆ ಅವಸರದಲ್ಲಿ ಎಡೆಬಿಡದೆ ಸೆಲ್ಫ್ ಹೊಡೆದು ಸ್ಟಾರ್ಟರ್ ಮೋಟಾರು ಸುಟ್ಟುಕೊಂಡರೆ ಒಂದು ಬಟವಾಡೆಯ ಹಾಲಿನ ಹಣ ಅಲ್ಲಿಗೇ ಹೋಯಿತು. ಗಾಡಿ ಓಡಿಸುವುದು ಗಂಡಸರೇ ಆಗಿದ್ದರೂ, ಹಣ ಹೋಗುವುದು ನಮ್ಮ ಪಾಸ್‌ಬುಕ್ಕಿನಿಂದ. ಹಾಗಾಗಿ ಈ ಪಾಠ ನಮಗೂ ಬೇಕು.

ಡೀಸೆಲ್ ಇಂಜಿನ್ ಹೊತ್ತಿಕೊಳ್ಳುವ ಬಗೆ

ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹಾರಿಸುವ ಪ್ಲಗ್ ಇರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಅದಿಲ್ಲ. ಒಳಗೆ ಎಳೆದ ಗಾಳಿಯನ್ನು ಪಿಸ್ಟನ್ ಹದಿನೇಳರಿಂದ ಇಪ್ಪತ್ತೆರಡರಲ್ಲಿ ಒಂದು ಪಾಲಿನಷ್ಟಕ್ಕೆ ಒತ್ತುತ್ತದೆ. ಸೈಕಲ್ ಪಂಪು ಹೊಡೆದಾಗ ಅದರ ತುದಿ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಇಲ್ಲೂ ಅದೇ ಆಗುತ್ತದೆ, ಆದರೆ ಗಾಳಿ ನೂರಾರು ಡಿಗ್ರಿ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ ಡೀಸೆಲ್ ಸಿಂಪಡಿಸಿದ ಕೂಡಲೇ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ಬೇಕಾದದ್ದು ಮೂರು: ಇಂಜಿನ್ ಜೋರಾಗಿ ತಿರುಗಬೇಕು, ಡೀಸೆಲ್ ನಾಜಲ್ ತಲುಪಬೇಕು, ಒಳಗೆ ಸಾಕಷ್ಟು ಕಾವು ಇರಬೇಕು. ಇವುಗಳಲ್ಲಿ ಯಾವುದು ತಪ್ಪಿದೆ ಎಂದು ತಿಳಿಯಲು ಕಿವಿ ಮತ್ತು ಕಣ್ಣು ಸಾಕು.

ಸೆಲ್ಫ್ ಹೊಡೆಯುವ ಮೊದಲು

ಬಾನೆಟ್ ತೆಗೆದು ಇಲಿ ಗೂಡು ನೋಡಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ತೆಂಗಿನ ನಾರು ತುಂಬಿ ಇಲಿ ಮರಿ ಹಾಕಿರುವುದು ನಮ್ಮ ಕಡೆ ಹೊಸದೇನಲ್ಲ. ವೈರು ಕಡಿದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಸೈಲೆನ್ಸರ್ ಬಾಯಿ, ಟ್ಯಾಂಕಿನ ಗಾಳಿ ಹೋಗುವ ಸಣ್ಣ ತೂತು ಇವುಗಳಲ್ಲಿ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ಟ್ಯಾಂಕಿನ ತೂತು ಮುಚ್ಚಿದ್ದರೆ ಗಾಡಿ ಸ್ಟಾರ್ಟ್ ಆದರೂ ಸ್ವಲ್ಪ ದೂರಕ್ಕೇ ಡೀಸೆಲ್ ಬಾರದೆ ನಿಲ್ಲುತ್ತದೆ. ಇಂಜಿನ್ ಆಯಿಲ್ ಮತ್ತು ರೇಡಿಯೇಟರ್ ನೀರಿನ ಮಟ್ಟ ನೋಡಿ.

ಇಂಜಿನ್ ನಿಲ್ಲಿಸಲು ಎಳೆಯುವ ಗುಬ್ಬಿ ಹಳೆಯ ಗಾಡಿಗಳಲ್ಲಿರುತ್ತದೆ. ಮೊದಲು ಅದನ್ನು ಎಳೆದು ಹಿಡಿದು ಐದಾರು ಸೆಕೆಂಡು ಸೆಲ್ಫ್ ಹೊಡೆಯಿರಿ. ಆಗ ಡೀಸೆಲ್ ಹೋಗುವುದಿಲ್ಲ, ಇಂಜಿನ್ ಹೊತ್ತುವುದಿಲ್ಲ, ಆದರೆ ತಿಂಗಳುಗಟ್ಟಲೆ ಒಣಗಿದ ಬೇರಿಂಗುಗಳಿಗೆ ಆಯಿಲ್ ಏರುತ್ತದೆ. ಆಮೇಲೆ ಗುಬ್ಬಿಯನ್ನು ಪೂರ್ತಿ ಒಳಗೆ ಒತ್ತಿ. ಅದರ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ನಿಂತರೆ ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ನಿಗೆ ಡೀಸೆಲ್ ಸಿಗದು. ಗುಬ್ಬಿಯ ಬದಲು ಕೀಲಿಯಿಂದಲೇ ನಿಲ್ಲುವ ಗಾಡಿಯಾದರೆ, ಕೀಲಿ ತಿರುಗಿಸಿದಾಗ ಡೀಸೆಲ್ ಪಂಪಿನ ಹತ್ತಿರ ‘ಟಕ್’ ಎಂಬ ಸದ್ದು ಬರಬೇಕು. ಸದ್ದಿಲ್ಲದಿದ್ದರೆ ಅಲ್ಲಿಗೆ ಕರೆಂಟು ಬರುತ್ತಿಲ್ಲ ಅಥವಾ ಒಳಗಿನ ಸುರುಳಿ ಕೆಟ್ಟಿದೆ.

ಇಂಜಿನ್ ಮೆಲ್ಲಗೆ ತಿರುಗಿದರೆ

ದೋಷ ಬ್ಯಾಟರಿಯದು ಅಥವಾ ಅದರ ಟರ್ಮಿನಲ್ಲಿನದು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ ಬಿಗಿ ಮಾಡಿ. ಮೀಟರ್ ಇದ್ದರೆ ಅಳೆಯಿರಿ: ಪೂರ್ತಿ ಚಾರ್ಜಾದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ, 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಚಾರ್ಜಿಗೆ ಹಾಕಿ. ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಮಾತ್ರ, ನಮ್ಮ ಕೊಳವೆಬಾವಿ ನೀರು ಬೇಡವೇ ಬೇಡ. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಅನಿಲ ಕಿಡಿ ತಾಗಿದರೆ ಸಿಡಿಯುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಸುಳಿಯಬಾರದು.

ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಒಂದೆರಡು ನಿಮಿಷ ಬಿಡಿ. ಈ ಬಿಡುವಿನಲ್ಲಿ ಒಬ್ಬರು ಹಿಂದೆ ಹೋಗಿ ಸೈಲೆನ್ಸರ್ ನೋಡಬೇಕು. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ.

ಹೊಗೆಯೇ ಬಾರದಿದ್ದರೆ

ಡೀಸೆಲ್ ಇಂಜಿನ್ನಿಗೆ ತಲುಪುತ್ತಿಲ್ಲ. ಗುಬ್ಬಿ ಸರಿಯಿದ್ದು, ಟ್ಯಾಂಕಿನಲ್ಲಿ ಡೀಸೆಲ್ ಇದ್ದೂ ಹೀಗಾದರೆ, ಹತ್ತಕ್ಕೆ ಎಂಟು ಸಲ ಪೈಪಿನಲ್ಲಿ ಏರ್ ಹಿಡಿದಿರುತ್ತದೆ ಎಂಬುದು ಮೆಕ್ಯಾನಿಕ್ಕುಗಳ ಬಾಯಿಮಾತು. ಹಾಲು ಕರೆಯುವ ಯಂತ್ರ ಬಳಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ರಬ್ಬರ್ ಪೈಪಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಕಪ್ಪು ಕೆಚ್ಚಲಿನಿಂದ ಜಾರುತ್ತದಲ್ಲ, ಹಾಗೇ ಡೀಸೆಲ್ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಸೇರುತ್ತದೆ. ಗಾಡಿ ನಿಂತ ದಿನಗಳಲ್ಲಿ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸು ಇಳಿದುಬಿಡುತ್ತದೆ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಸಿಗುವ ಡೀಸೆಲ್‌ನಲ್ಲಿ ಗಂಧಕ ತೀರ ಕಡಿಮೆ. ಹೊಗೆಗೆ ಅದು ಒಳ್ಳೆಯದೇ, ಆದರೆ ಹಳೆಯ ಗಾಡಿಯ ರಬ್ಬರ್ ಸೀಲುಗಳು ಇಂಥ ಡೀಸೆಲ್‌ಗೆ ಕುಗ್ಗಿ ಏರ್ ಎಳೆಯುವುದುಂಟು.

ಏರ್ ತೆಗೆಯುವುದು ಕಷ್ಟವಲ್ಲ. ಡೀಸೆಲ್ ಫಿಲ್ಟರ್ ತಲೆಯ ಮೇಲಿನ ಸಣ್ಣ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಪಕ್ಕದ ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ಹಾಲಿನ ನೊರೆಯಂತೆ ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಹರಿಯುವಾಗಲೇ ಸ್ಕ್ರೂ ಬಿಗಿ ಮಾಡಿ. ಹರಿವು ನಿಂತ ಮೇಲೆ ಬಿಗಿದರೆ ಮತ್ತೆ ಗಾಳಿ ಸೇರುತ್ತದೆ. ಎರಡು ದಿನಕ್ಕೆ ಮತ್ತೆ ಇದೇ ಕತೆಯಾದರೆ ಏರ್ ತೆಗೆಯುತ್ತಾ ಕೂರಬೇಡಿ, ಪೈಪು ಬದಲಿಸಿ.

ಒಂದು ಎಚ್ಚರಿಕೆ. ಹಳೆಯ ಯಾಂತ್ರಿಕ ಪಂಪಿನ ಗಾಡಿಗಳಲ್ಲಿ ನಾಜಲ್ ಪೈಪಿನ ನಟ್ಟು ಸಡಿಲಿಸಿಯೂ ಏರ್ ತೆಗೆಯುತ್ತಾರೆ. ಅದು ಅನುಭವಸ್ಥರ ಕೆಲಸ. ಕಾಮನ್ ರೈಲ್ ಇಂಜಿನ್ನಿನಲ್ಲಂತೂ ಆ ನಟ್ಟು ಮುಟ್ಟಲೇಬಾರದು. ಅಲ್ಲಿ ಡೀಸೆಲ್ ಒತ್ತಡ 1,000 ಬಾರ್ ಮೀರಿರುತ್ತದೆ, ಎಳೆಯಷ್ಟು ಚಿಮ್ಮಿದರೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ನೋವಿಲ್ಲವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಫಿಲ್ಟರ್ ತಳದ ಸ್ಕ್ರೂ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು ಹತ್ತು ನಿಮಿಷ ಇಡಿ. ಹಾಲಿಗೆ ನೀರು ಬೆರೆತರೆ ಕಣ್ಣಿಗೆ ಕಾಣದು, ಲ್ಯಾಕ್ಟೋಮೀಟರ್ ಬೇಕು. ಡೀಸೆಲ್‌ಗೆ ಬೆರೆತ ನೀರು ತಾನೇ ತಳಕ್ಕೆ ಕೂತು ಗೆರೆ ಕಾಣಿಸುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ಹನಿಗಟ್ಟಿದ ನೀರಿದು. ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಾಣುಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತವೆ. ಲೋಳೆ ಕಂಡರೆ ಟ್ಯಾಂಕು ತೊಳೆಸಿ, ಫಿಲ್ಟರ್ ಬದಲಿಸಿ.

ಬಿಳಿ ಹೊಗೆ ಬಂದೂ ಸ್ಟಾರ್ಟ್ ಆಗದಿದ್ದರೆ

ಇದು ಒಂದು ರೀತಿ ಒಳ್ಳೆಯ ಸುದ್ದಿ. ಡೀಸೆಲ್ ತಲುಪುತ್ತಿದೆ, ಕಾವು ಸಾಲದೆ ಉರಿಯದೆ ಹೊರಬರುತ್ತಿದೆ. ಹಳೆಯ ಇಂಜಿನ್ನುಗಳಲ್ಲಿ ಚಳಿಗೆ ಕಾವು ಕೊಡಲು ಹೀಟರ್ ಪ್ಲಗ್ ಇರುತ್ತದೆ. ಕೀಲಿ ತಿರುಗಿಸಿ, ಸುರುಳಿ ಗುರುತಿನ ದೀಪ ಆರುವವರೆಗೆ ಕಾದು ಆಮೇಲೆ ಸೆಲ್ಫ್ ಹೊಡೆಯಬೇಕು. ದೀಪವಿಲ್ಲದಿದ್ದರೆ ಹದಿನೈದು ಸೆಕೆಂಡು ಎಣಿಸಿ. ಬೇಸಿಗೆಯಲ್ಲಿ ಪ್ಲಗ್ ಕೆಟ್ಟಿದ್ದರೂ ಗಾಡಿ ಓಡುತ್ತಿರುತ್ತದೆ, ಡಿಸೆಂಬರಿಗೆ ಗುಟ್ಟು ಬಯಲಾಗುತ್ತದೆ. ಪರೀಕ್ಷೆ ಸುಲಭ: ಪ್ಲಗ್ಗಿನ ವೈರು ಬಿಚ್ಚಿ, 12 ವೋಲ್ಟ್ ಬಲ್ಬಿನ ಒಂದು ವೈರು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪ್ಲಗ್ ತುದಿಗೆ ತಾಗಿಸಿ. ಬಲ್ಬ್ ಹತ್ತದಿದ್ದರೆ ಆ ಪ್ಲಗ್ ಸತ್ತಿದೆ. ಎಲ್ಲ ಪ್ಲಗ್ಗೂ ಸರಿಯಿದ್ದು, ಇಂಜಿನ್ ಜೋರಾಗಿ ತಿರುಗಿಯೂ ಹೀಗೇ ಆದರೆ ನಾಜಲ್ ಅಥವಾ ಕಂಪ್ರೆಷನ್ ದೋಷ. ಅದು ಗ್ಯಾರೇಜಿನ ಕೆಲಸ.

ಮಾಡಬಾರದ ಉಪಾಯಗಳು

ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಬೇಡ. ಕಾದ ಹೀಟರ್ ಪ್ಲಗ್ಗಿಗೆ ಅದು ತಾಗಿದರೆ ಹೊತ್ತಬಾರದ ಹೊತ್ತಿಗೆ ಹೊತ್ತಿ ಪಿಸ್ಟನ್ ಒಡೆಯುತ್ತದೆ, ಬೆಂಕಿ ಹೊರಗೂ ಬರಬಹುದು. ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವುದಕ್ಕೂ ಮೊದಲು ಬ್ರೇಕ್ ನೋಡಿ. ಇಂಜಿನ್ ಓಡದಿದ್ದಾಗ ಬ್ರೇಕಿಗೆ ವ್ಯಾಕ್ಯೂಮ್ ಸಹಾಯ ಇರುವುದಿಲ್ಲ, ಪೆಡಲ್ ಕಲ್ಲಿನಂತಿರುತ್ತದೆ. ಮಕ್ಕಳನ್ನು ತಳ್ಳಲು ಕರೆಯಬೇಡಿ.

ಕೊಟ್ಟಿಗೆಗೆ ಅಂಟಿದ ಶೆಡ್ಡಿನಲ್ಲಿ ವ್ಯಾನಿದ್ದರೆ ಮೊದಲು ಹೊರಗೆ ತಳ್ಳಿ, ಆಮೇಲೆ ಸ್ಟಾರ್ಟ್ ಮಾಡಿ. ಆ ಹೊಗೆ ಹಸು ಕರುಗಳಿಗೂ ನಮಗೂ ವಿಷ. ಡೀಸೆಲ್ ಮುಟ್ಟಿದ ಕೈಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆಯದೆ ಕೆಚ್ಚಲಿಗೆ ಕೈ ಹಾಕಬೇಡಿ. ಹಾಲು ಪಕ್ಕದ ವಾಸನೆಯನ್ನು ಬೇಗ ಹಿಡಿಯುತ್ತದೆ. ಹಾಲಿನ ಕ್ಯಾನಿನಲ್ಲಿ, ಅಳತೆಯ ಲೀಟರಿನಲ್ಲಿ ಡೀಸೆಲ್ ತರುವುದು ಒಮ್ಮೆಯೂ ಬೇಡ.

ಸಂಘದ ಜನರೇಟರಿಗೂ ಇದೇ ಪಾಠ

ಬಲ್ಕ್ ಮಿಲ್ಕ್ ಕೂಲರ್ ಇರುವ ಸಂಘಗಳ ಡೀಸೆಲ್ ಜನರೇಟರಿಗೂ ಮೇಲಿನದ್ದೆಲ್ಲ ಅನ್ವಯ. ವಿದ್ಯುತ್ ಚೆನ್ನಾಗಿ ಬರುವ ತಿಂಗಳುಗಳಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಕರೆಂಟು ಹೋದ ಬೆಳಗ್ಗೆ ಅದು ಓಡದಿದ್ದರೆ, 4 ಡಿಗ್ರಿಗೆ ಇಳಿಯಬೇಕಾದ ಹಾಲು ಕರೆದ ಕಾವಿನಲ್ಲೇ ಉಳಿದು ಇಡೀ ಊರಿನ ಹಾಲು ಹುಳಿಯಾಗುತ್ತದೆ. ವಾರಕ್ಕೊಮ್ಮೆ ಹದಿನೈದು ನಿಮಿಷ ಕೂಲರ್ ಹೊರೆ ಕೊಟ್ಟೇ ಓಡಿಸಿ, ದಿನಾಂಕ ಪುಸ್ತಕದಲ್ಲಿ ಬರೆದಿದೆಯೇ ಎಂದು ನಿರ್ದೇಶಕಿಯರು ಕೇಳಬೇಕು. ಇದು ಕಾರ್ಯದರ್ಶಿಯ ಮೇಲೆ ಅನುಮಾನವಲ್ಲ, ನಮ್ಮ ಹಾಲಿನ ಲೆಕ್ಕ.

ವ್ಯಾನನ್ನು ಮತ್ತೆ ನಿಲ್ಲಿಸುವಾಗ ಟ್ಯಾಂಕು ತುಂಬಿಸಿ, ಬ್ಯಾಟರಿಯ ಮೈನಸ್ ವೈರು ಬಿಚ್ಚಿಡಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿದರೆ, ಮರೆಯದಿರಲು ಸ್ಟೇರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಹದಿನೈದು ದಿನಕ್ಕೊಮ್ಮೆ ವೈರು ಹಾಕಿ, ಬಟ್ಟೆ ತೆಗೆದು, ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ಊರ ಸುತ್ತ ಓಡಿಸಿ. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಬ್ಯಾಟರಿ ಇನ್ನಷ್ಟು ಇಳಿಯುತ್ತದೆ, ಒಳಗೆ ನೀರು ಹನಿಗಟ್ಟುತ್ತದೆ. ರಸ್ತೆಗೆ ಇಳಿಸುವ ಮೊದಲು ವಿಮೆ ಮತ್ತು ಫಿಟ್‌ನೆಸ್ ಪತ್ರದ ದಿನಾಂಕ ಮುಗಿದಿಲ್ಲವೆಂದು ನೋಡಿಕೊಳ್ಳಿ.