ದಿನದ ಲೆಕ್ಕ ತಪ್ಪಿದಾಗ ಕಾನೂನಿನ ಲೆಕ್ಕ

"ಮುಟ್ಟು ನಿಂತು ಎರಡೇ ದಿನ ಆಗಿತ್ತು, ಆಗ ಏನೂ ಆಗಲ್ಲ ಅಂದ್ಕೊಂಡಿದ್ವಿ." ಸ್ತ್ರೀರೋಗ ತಜ್ಞರ ಕೊಠಡಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತಿದು. ಈ ನಂಬಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮೊದಲು ನೋಡೋಣ. ಕೈಕೊಟ್ಟ ಮೇಲೆ ಹೆಣ್ಣಿಗೆ ಕಾನೂನು ಏನು ಕೊಟ್ಟಿದೆ ಎಂಬುದು ಅದರ ಹಿಂದೆಯೇ ಬರುತ್ತದೆ.

ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಅದರ ಆಯಸ್ಸು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಮಾತ್ರ ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಬದುಕಿರಬಲ್ಲದು. ಹಾಗಾಗಿ ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ 5 ದಿನ, ಒಟ್ಟು 6 ದಿನ ಗರ್ಭ ನಿಲ್ಲುವ ಕಾಲ. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅಂಡಾಣು 14ನೇ ದಿನದ ಆಸುಪಾಸಿನಲ್ಲಿ ಬಂದರೆ, 35 ದಿನಕ್ಕೊಮ್ಮೆ ಆಗುವವರಿಗೆ 21ನೇ ದಿನದ ಹೊತ್ತಿಗೆ ಬರುತ್ತದೆ. 21 ದಿನಕ್ಕೇ ಮುಟ್ಟಾಗುವವರಲ್ಲಿ 7ನೇ ದಿನವೇ ಬರಬಹುದು. ಅಂಥವರು ಸ್ರಾವ ನಿಲ್ಲುವ ಹೊತ್ತಿಗೆ ಸೇರಿದರೂ ಗರ್ಭ ನಿಲ್ಲಬಹುದು. ಮುಂದಿನ ಮುಟ್ಟು ಯಾವತ್ತು ಎಂಬುದು ಅದು ಬಂದ ಮೇಲಷ್ಟೇ ಗೊತ್ತಾಗುವುದರಿಂದ, 'ಸೇಫ್ ದಿನ'ಗಳ ಲೆಕ್ಕ ಎಂದಿಗೂ ಅಂದಾಜೇ. ಜ್ವರ, ಚಿಂತೆ, ರಾತ್ರಿ ಪಾಳಿ, ಅಂಡಾಶಯದ ಸಮಸ್ಯೆಯಾದ ಪಿಸಿಒಡಿ, ಹೆರಿಗೆಯ ನಂತರದ ತಿಂಗಳುಗಳು, ಇವುಗಳಲ್ಲಿ ಯಾವುದೊಂದಿದ್ದರೂ ಲೆಕ್ಕ ಏರುಪೇರಾಗುತ್ತದೆ. ಮಗುವಿಗೆ ಹಾಲೂಡಿಸುವ ತಾಯಿಗೆ ಮೊದಲ ಮುಟ್ಟು ಬರುವ ಮುಂಚೆಯೇ ಗರ್ಭ ನಿಂತ ಉದಾಹರಣೆಗಳು ನಮ್ಮ ಸುತ್ತಮುತ್ತಲೇ ಇವೆ.

ನಿರೋಧ್ ಹರಿದಿದ್ದರೆ ಅಥವಾ ಏನನ್ನೂ ಬಳಸಿರದಿದ್ದರೆ ತುರ್ತು ಗರ್ಭನಿರೋಧಕ ಮಾತ್ರೆಯಿದೆ. ಲಿವೊನೊರ್‌ಜೆಸ್ಟ್ರೆಲ್ 1.5 ಮಿಲಿಗ್ರಾಂನ ಒಂದೇ ಮಾತ್ರೆ. 72 ಗಂಟೆಯೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಔಷಧಿ ಅಂಗಡಿಯಲ್ಲಿ ಇದಕ್ಕೆ ವೈದ್ಯರ ಚೀಟಿ ಬೇಕಿಲ್ಲ, ಮದುವೆಯಾಗಿದೆಯೇ ಎಂದು ಕೇಳುವ ಅಧಿಕಾರ ಅಂಗಡಿಯವರಿಗಿಲ್ಲ. ಇದು ಅಂಡಾಣು ಹೊರಬರುವುದನ್ನು ಮುಂದೂಡುತ್ತದೆಯೇ ಹೊರತು, ನಿಂತ ಗರ್ಭವನ್ನು ತೆಗೆಯುವುದಿಲ್ಲ. 5 ದಿನದೊಳಗೆ ಆಸ್ಪತ್ರೆಯಲ್ಲಿ ಕಾಪರ್ ಟಿ ಹಾಕಿಸಿಕೊಳ್ಳುವುದು ಇದಕ್ಕಿಂತಲೂ ಖಚಿತ. ಮುಂದಿನ ಮುಟ್ಟು ಒಂದು ವಾರ ತಡವಾದರೆ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ನಿತ್ಯದ ಬಳಕೆಗೆ ಮಾಲಾ-ಎನ್ ಮಾತ್ರೆ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಇದು ನಮ್ಮ ನೆಲಕ್ಕೆ ಹೊಸದೂ ಅಲ್ಲ: ಸರ್ಕಾರವೇ ಗರ್ಭನಿರೋಧಕ ಕ್ಲಿನಿಕ್ ತೆರೆಯಬೇಕೆಂದು ಮೈಸೂರು ಸಂಸ್ಥಾನ ತೀರ್ಮಾನಿಸಿದ್ದು 1930ರಲ್ಲಿ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಗರ್ಭ ನಿಂತರೆ? ಹಲವರು ಗರ್ಭಪಾತವೆಂದರೆ ಅಪರಾಧ, ಪೊಲೀಸರು ಬರುತ್ತಾರೆ ಎಂದು ಹೆದರಿ ಗುಟ್ಟಾಗಿ ಮಾತ್ರೆ ಹುಡುಕುತ್ತಾರೆ. ಆದರೆ 1971ರಿಂದಲೇ ವೈದ್ಯಕೀಯ ಗರ್ಭಪಾತ ಕಾಯ್ದೆ ಇದೆ, 2021ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಗಿದೆ. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಕೇಳಿದ ಮಾತ್ರಕ್ಕೆ ಸಿಗುವ ಹಕ್ಕು ಇದಲ್ಲ. ಗರ್ಭ ಮುಂದುವರಿದರೆ ಹೆಣ್ಣಿನ ಜೀವಕ್ಕೆ ಅಪಾಯ ಅಥವಾ ದೇಹಕ್ಕೆ, ಮನಸ್ಸಿಗೆ ತೀವ್ರ ಹಾನಿ, ಇಲ್ಲವೇ ಭ್ರೂಣಕ್ಕೆ ಗಂಭೀರ ವೈಕಲ್ಯ ಎಂದು ವೈದ್ಯರು ಅಭಿಪ್ರಾಯಪಡಬೇಕು. ಆದರೆ ಗರ್ಭ ತಡೆಯಲು ಬಳಸಿದ ಸಾಧನ ಅಥವಾ ವಿಧಾನ ವಿಫಲವಾಗಿದ್ದರೆ, ಆ ಬೇಡದ ಗರ್ಭದ ನೋವನ್ನೇ ಮಾನಸಿಕ ಆರೋಗ್ಯದ ತೀವ್ರ ಹಾನಿಯೆಂದು ಭಾವಿಸಬಹುದು ಎನ್ನುತ್ತದೆ ಕಾಯ್ದೆ. ಹಿಂದೆ ಈ ವಾಕ್ಯದಲ್ಲಿ 'ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ' ಎಂದಿತ್ತು. ಈಗ 'ಮಹಿಳೆ ಅಥವಾ ಆಕೆಯ ಸಂಗಾತಿ' ಎಂದಿದೆ. ಎಷ್ಟೋ ಹೆಣ್ಣುಮಕ್ಕಳನ್ನು ಕತ್ತಲಕೋಣೆಯ ಗರ್ಭಪಾತದಿಂದ ಉಳಿಸಬಲ್ಲ ಬದಲಾವಣೆಯಿದು.

20ರಿಂದ 24 ವಾರದ ನಡುವೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಈ ಅವಧಿ ಎಲ್ಲರಿಗೂ ಇಲ್ಲ. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಗರ್ಭದ ನಡುವೆ ವಿಧವೆಯಾದವರು ಅಥವಾ ವಿಚ್ಛೇದಿತರಾದವರು, ತೀವ್ರ ಅಂಗವೈಕಲ್ಯವುಳ್ಳವರು, ಹೀಗೆ ನಿಯಮಗಳಲ್ಲಿ ಹೆಸರಿಸಿದ ಗುಂಪುಗಳಿಗೆ ಮಾತ್ರ. 2022ರ ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಎ.ಎಸ್. ಬೋಪಣ್ಣ ಮತ್ತು ಜೆ.ಬಿ. ಪಾರ್ದಿವಾಲಾ ಅವರ ಸುಪ್ರೀಂ ಕೋರ್ಟ್ ಪೀಠ, ಅವಿವಾಹಿತೆಯರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು ತೀರ್ಪಿತ್ತಿತು. ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರವೆಂದರೆ ಗಂಡನ ಬಲಾತ್ಕಾರವೂ ಸೇರುತ್ತದೆ ಎಂದಿತು. 24 ವಾರ ದಾಟಿದ ಮೇಲೆ ಭ್ರೂಣದ ಗಂಭೀರ ವೈಕಲ್ಯವನ್ನು ವೈದ್ಯಕೀಯ ಮಂಡಳಿ ದೃಢಪಡಿಸಬೇಕು. ತಾಯಿಯ ಜೀವ ಉಳಿಸಲು ತಕ್ಷಣ ಗರ್ಭಪಾತ ಮಾಡಲೇಬೇಕಾದಾಗ ಈ ವಾರಗಳ ಮಿತಿ ಅಡ್ಡಬರುವುದಿಲ್ಲ.

ವಾರಗಳನ್ನು ಎಣಿಸುವುದು ಸೇರಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. 28 ದಿನದ ಚಕ್ರದವರಿಗೆ ಮುಟ್ಟು ತಪ್ಪಿದ ದಿನವೇ 4 ವಾರ ಆಗಿಬಿಟ್ಟಿರುತ್ತದೆ. ಮಾತ್ರೆಯಿಂದ ಗರ್ಭಪಾತ ಮಾಡಿಸಲು ನಿಯಮ ಕೊಟ್ಟಿರುವುದು 9 ವಾರ. ಅಂದರೆ ಕೈಯಲ್ಲಿ ಉಳಿಯುವುದು 5 ವಾರವಷ್ಟೇ. ಆ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ನಳಿಕೆ ಒಡೆದರೆ ಪ್ರಾಣವೇ ಹೋದೀತು. ವೈದ್ಯರನ್ನು ಕಾಣದೆ ನುಂಗಬೇಡಿ.

ಸಹಿಯ ವಿಷಯದಲ್ಲಿ ಇಂದಿಗೂ ಆಸ್ಪತ್ರೆಗಳು ಜನರನ್ನು ಸತಾಯಿಸುತ್ತವೆ. 18 ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಕಾಯ್ದೆ ಕೇಳುವುದು; ನಮೂನೆ ಸಿ ಮೇಲೆ ಆಕೆ ಸಹಿ ಹಾಕಿದರೆ ಮುಗಿಯಿತು. ಗಂಡ, ಅತ್ತೆ, ತಂದೆ ಯಾರ ಸಹಿಯೂ ಬೇಕಿಲ್ಲ. ಪೋಷಕರ ಲಿಖಿತ ಒಪ್ಪಿಗೆ ಬೇಕಿರುವುದು 18ರ ಒಳಗಿನವರಿಗೆ ಮತ್ತು ಮಾನಸಿಕ ಅಸ್ವಸ್ಥರಿಗೆ. ಆಕೆಯ ಒಪ್ಪಿಗೆಯಿಲ್ಲದೆ ಬಲವಂತವಾಗಿ ಗರ್ಭ ತೆಗೆಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 89ನೇ ಕಲಮಿನಡಿ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು. ಹೆಸರು, ವಿವರಗಳನ್ನು ವೈದ್ಯರು ಕಾನೂನಿನ ಅಧಿಕಾರವಿಲ್ಲದವರಿಗೆ ಹೇಳಿದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಅಪ್ರಾಪ್ತೆಯಾಗಿದ್ದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಆದರೆ ಹುಡುಗಿ ಮತ್ತು ಪೋಷಕರು ಕೋರಿದರೆ ಆ ವರದಿಯಲ್ಲಿ ಆಕೆಯ ಗುರುತು ಬರೆಯಬೇಕಿಲ್ಲವೆಂದು 2022ರ ಅದೇ ತೀರ್ಪು ಹೇಳಿದೆ. ಗುಟ್ಟು ರಟ್ಟಾಗುವ ಭಯಕ್ಕೆ ಮಗಳನ್ನು ನಕಲಿ ವೈದ್ಯರ ಬಳಿ ಕರೆದೊಯ್ಯುವ ಹೆತ್ತವರಿಗೆ ಈ ಮಾತು ತಲುಪಬೇಕು.

ಆಸ್ಪತ್ರೆ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಅದೇ ದಿನ ಇನ್ನೊಂದು ಮಾನ್ಯತೆಯ ಆಸ್ಪತ್ರೆಗೆ ಹೋಗಿ. ಅಲ್ಲೂ ಆಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ತಾಲೂಕು ನ್ಯಾಯಾಲಯದ ಆವರಣದಲ್ಲೂ ಅದರ ಸಮಿತಿ ಇರುತ್ತದೆ, ದೂರವಾಣಿ 15100. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ವಾರದ ಮಿತಿ ಮೀರಿದ ಪ್ರಕರಣಗಳಲ್ಲಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಕೊನೆಯ ಮುಟ್ಟಿನ ತಾರೀಖು, ಸ್ಕ್ಯಾನಿಂಗ್ ವರದಿ, ವಯಸ್ಸಿನ ದಾಖಲೆ, ಆಸ್ಪತ್ರೆ ಕೊಟ್ಟ ಚೀಟಿಗಳು ಮೊದಲ ಭೇಟಿಯಲ್ಲೇ ಕೈಯಲ್ಲಿದ್ದರೆ ವಕೀಲರು ಅವತ್ತೇ ಅರ್ಜಿ ಸಿದ್ಧಪಡಿಸಬಲ್ಲರು.