ಫ್ರಿಜ್ಜಿನ ಹಿಂದಿನ ತಟ್ಟೆ ನೋಡಿದ್ದೀರಾ?



ನಮ್ಮೂರಿನಲ್ಲಿ ಈಗ ಬಹಳ ಮನೆಗಳಲ್ಲಿ ಫ್ರಿಜ್ ಇದೆ. ಅದರ ಮೇಲೆ ಕಸೂತಿ ಬಟ್ಟೆ ಹಾಸಿ, ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿರುತ್ತಾರೆ. ಹಬ್ಬ ಬಂತೆಂದರೆ ಬಾಗಿಲನ್ನು ಮುಖ ಕಾಣುವ ಹಾಗೆ ಒರೆಸುತ್ತಾರೆ. ಹಿಂದುಗಡೆ ಇಣುಕಿ ನೋಡಿದರೆ ಮಾತ್ರ ಜೇಡರ ಬಲೆ! ಕೈ ಹೋಗದ ಜಾಗದಲ್ಲೇ ಕೊಳೆ ಸೇರುವುದು. ಅಂಥ ಜಾಗಗಳು ಯಾವುವು, ಅಲ್ಲಿ ಕೊಳೆ ಯಾಕೆ ಸೇರುತ್ತದೆ, ಹೇಗೆ ತೆಗೆಯಬೇಕು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಫ್ರಿಜ್ ಹೇಗೆ ತಣ್ಣಗಾಗುತ್ತದೆ ಅಂತ ತಿಳಿಯಬೇಕು. ಇಂಜೆಕ್ಷನ್ ಕೊಡುವ ಮುಂಚೆ ಸ್ಪಿರಿಟ್ ಹಚ್ಚಿದರೆ ತೋಳು ತಣ್ಣಗಾಗುತ್ತದಲ್ಲ, ಮಡಕೆಯ ನೀರು ತಣ್ಣಗಿರುತ್ತದಲ್ಲ, ಎರಡಕ್ಕೂ ಕಾರಣ ಒಂದೇ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಫ್ರಿಜ್ಜಿನ ಕೊಳವೆಯೊಳಗೆ ಒಂದು ದ್ರವ ಹೀಗೇ ಆವಿಯಾಗಿ ಒಳಗಿನ ಶಾಖವನ್ನು ಹೀರುತ್ತದೆ. ಹಿಂದೆ ಕೆಳಗಡೆ ಕರೀ ಗುಂಡಿನ ಹಾಗೆ ಕೂತಿರುವ ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಒತ್ತಿದ ಆವಿ ಬಿಸಿಯಾಗಿ ಹೊರಗಿನ ಕೊಳವೆಗಳಲ್ಲಿ ಹರಿದು, ಶಾಖವನ್ನು ಗಾಳಿಗೆ ಬಿಟ್ಟು, ಮತ್ತೆ ದ್ರವವಾಗುತ್ತದೆ. ಅಂದರೆ ಒಳಗಿನ ಶಾಖವೇ ಹೊರಗೆ ಬರುತ್ತದೆ. ನಮ್ಮನೆ ಬೆಕ್ಕು ಚಳಿಗಾಲದಲ್ಲಿ ಫ್ರಿಜ್ಜಿನ ಹಿಂದೆ ಯಾಕೆ ಮಲಗುತ್ತದೆ ಅಂತ ಈಗ ಗೊತ್ತಾಯ್ತಲ್ಲ.

ಯಾವ ಕೆಲಸಕ್ಕೂ ಮುಂಚೆ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಬೇಕು. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು. ಫ್ರಿಜ್ ಎಳೆಯುವುದು ದೊಡ್ಡವರ ಕೆಲಸ, ಅಪ್ಪನನ್ನೋ ಅಣ್ಣನನ್ನೋ ಕರೆಯಿರಿ.

ಬಾಗಿಲ ಸುತ್ತ ಇರುವ ಮೆತ್ತನೆಯ ರಬ್ಬರಿಗೆ ಗ್ಯಾಸ್ಕೆಟ್ ಅನ್ನುತ್ತಾರೆ. ಅದರೊಳಗೆ ಅಯಸ್ಕಾಂತದ ಪಟ್ಟಿ ಇದೆ, ಗುಂಡುಸೂಜಿ ಹಿಡಿದರೆ ಅಂಟಿಕೊಳ್ಳುತ್ತದೆ. ಈ ರಬ್ಬರಿನ ಮಡಿಕೆಗಳಲ್ಲಿ ಹಾಲು, ಸಾರು ಸೋರಿ ಕೂತು ಕಪ್ಪು ಬೂಷ್ಟು ಬೆಳೆಯುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ, ಮಡಿಕೆಯನ್ನು ಬೆರಳಲ್ಲಿ ಬಿಡಿಸಿಕೊಂಡು ಉಜ್ಜಬೇಕು. ಮೂಲೆಗಳಿಗೆ ಐಸ್‌ಕ್ಯಾಂಡಿ ಕಡ್ಡಿಗೆ ಬಟ್ಟೆ ಸುತ್ತಿ ಹಾಕಿದರೆ ಸಾಕು. ಚಾಕು ಹಾಕಿದರೆ ರಬ್ಬರ್ ಹರಿಯುತ್ತದೆ. ಆಮೇಲೆ ಒಣಗಿದ ಬಟ್ಟೆಯಲ್ಲಿ ಒರೆಸಿ. ಬಾಗಿಲು ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು ಒಂದು ನೋಟ್‌ಬುಕ್ ಹಾಳೆಯನ್ನು ಮಧ್ಯೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದು ಇದೆ ಅಂತ ಅರ್ಥ. ಆ ಸಂದಿನಿಂದ ತೇವದ ಗಾಳಿ ಒಳಗೆ ನುಗ್ಗಿ ಐಸ್ ಕಟ್ಟುತ್ತದೆ, ಕರೆಂಟು ಬಿಲ್ಲೂ ಏರುತ್ತದೆ.

ಐಸ್ ದಪ್ಪಗೆ ಕಟ್ಟಿದಾಗ ಕೆಲವರು ಚಾಕು, ಸ್ಕ್ರೂಡ್ರೈವರ್ ತಗೊಂಡು ಕುಟ್ಟುತ್ತಾರೆ. ಇದು ಬಹಳ ತಪ್ಪು. ಐಸಿನ ಹಿಂದೆಯೇ ಗ್ಯಾಸಿನ ಕೊಳವೆ ಇರುತ್ತದೆ. ಈಗಿನ ಬಹಳ ಫ್ರಿಜ್‌ಗಳಲ್ಲಿ ಐಸೊಬ್ಯೂಟೇನ್ ಎಂಬ ಅನಿಲ ಇರುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಪ್ಲಗ್ ಕಿತ್ತು, ಬಾಗಿಲು ತೆರೆದು, ಒಂದು ಪಾತ್ರೆ ಬಿಸಿನೀರು ಒಳಗಿಟ್ಟರೆ ಐಸು ತಾನೇ ಕರಗುತ್ತದೆ. ಗಾಜಿನ ತಟ್ಟೆಗಳಿಗೆ ಮಾತ್ರ ತಣ್ಣಗಿರುವಾಗ ಬಿಸಿನೀರು ಹುಯ್ಯಬೇಡಿ, ಸೀಳುತ್ತವೆ. ಒಳಗೆ ವಾಸನೆ ಇದ್ದರೆ 1 ಲೀಟರ್ ನೀರಿಗೆ 2 ಚಮಚ ಅಡಿಗೆ ಸೋಡ ಕಲಸಿ ಒರೆಸಬಹುದು.

ತರಕಾರಿ ಡಬ್ಬದ ಕೆಳಗೆ ನೀರು ನಿಲ್ಲುತ್ತದೆ, ಫ್ರಿಜ್ ಕೆಟ್ಟಿದೆ ಅಂತ ಹೇಳುತ್ತಾರೆ. ಬಹಳ ಸಲ ಕೆಟ್ಟಿರುವುದಿಲ್ಲ. ಒಳಗಿನ ಹಿಂಗೋಡೆಯ ಬುಡದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಕರಗಿದ ನೀರು ಅದರ ಮೂಲಕ ಇಳಿದು ಹಿಂದಿನ ತಟ್ಟೆಗೆ ಹೋಗಬೇಕು. ಕೊತ್ತಂಬರಿ ಸೊಪ್ಪಿನ ಚೂರು, ಕರಿಬೇವಿನ ಎಲೆ ಸಿಕ್ಕಿಕೊಂಡರೆ ತೂತು ಕಟ್ಟಿಕೊಳ್ಳುತ್ತದೆ. ಮೆಡಿಕಲ್ ಅಂಗಡಿಯಿಂದ ಸೂಜಿಯಿಲ್ಲದ ಹೊಸ ಸಿರಿಂಜ್ ತಂದು ಉಗುರುಬೆಚ್ಚಗಿನ ನೀರನ್ನು ಮೆಲ್ಲಗೆ ಬಿಡಿ. ಕಬ್ಬಿಣದ ತಂತಿ ಹಾಕಿದರೆ ಒಳಗಿನ ಪ್ಲಾಸ್ಟಿಕ್ ಕೊಳವೆ ತೂತಾಗಬಹುದು.

ಈಗ ಆ ತಟ್ಟೆಯ ವಿಷಯ. ಇದೇ ಮುಖ್ಯ.

ಸಾಮಾನ್ಯವಾಗಿ ಒಂದು ಬಾಗಿಲಿನ ಫ್ರಿಜ್ಜಿನಲ್ಲಿ ಈ ತಟ್ಟೆ ಹಿಂದುಗಡೆ ಕಂಪ್ರೆಸರಿನ ಮೇಲೆ ಇರುತ್ತದೆ. ಕಂಪ್ರೆಸರಿನ ಬಿಸಿಗೆ ನೀರು ತಾನೇ ಆರಿಹೋಗಲಿ ಅಂತ ಅಲ್ಲಿ ಇಟ್ಟಿದ್ದಾರೆ. ಉಪಾಯ ಚೆನ್ನಾಗಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋಗುತ್ತಿರುತ್ತದೆ. ಕರೆಂಟು ಇಲ್ಲದಿದ್ದರೆ ಒಳಗಿನ ಐಸು ಕರಗಿ ತಟ್ಟೆಗೆ ನೀರು ಜಾಸ್ತಿ ಬರುತ್ತದೆ, ಕಂಪ್ರೆಸರ್ ತಣ್ಣಗಿರುವುದರಿಂದ ಆ ನೀರು ಆರುವುದೂ ಇಲ್ಲ. ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುವಾಗ ಇನ್ನೂ ನಿಧಾನ. ನೆರಳು, ನಿಂತ ನೀರು, ಯಾರೂ ಬರದ ಜಾಗ. ಈಡಿಸ್ ಸೊಳ್ಳೆಗೆ ಇನ್ನೇನು ಬೇಕು?

ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಒಬ್ಬ ಪುಟ್ಟ ಹುಡುಗನಿಗೆ ಡೆಂಗ್ಯೂ ಬಂದು ಆಸ್ಪತ್ರೆಗೆ ಸೇರಿಸಿದ್ದರು. ಆಶಾ ಅಕ್ಕ ಟಾರ್ಚ್ ಹಿಡಿದು ಅವರ ಮನೆಗೆ ಬಂದಾಗ ನಾವು ಮಕ್ಕಳೆಲ್ಲ ಹಿಂದೆ ಹೋದೆವು. ತೊಟ್ಟಿ ಒಣಗಿತ್ತು, ಡ್ರಮ್ಮುಗಳಿಗೆ ಬಟ್ಟೆ ಕಟ್ಟಿತ್ತು. "ಎಲ್ಲಾ ಶುದ್ಧವಾಗಿದೆ ಕಣಮ್ಮ" ಅಂತ ಅಜ್ಜಿ ಹೇಳಿದರು. ಅಕ್ಕ "ಫ್ರಿಜ್ ಒಂಚೂರು ಈ ಕಡೆ ಎಳೀರಜ್ಜಿ" ಅಂದರು. ಟಾರ್ಚ್ ಬಿಟ್ಟರೆ ತಟ್ಟೆಯ ನೀರಿನಲ್ಲಿ ಸಣ್ಣ ಹುಳುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಬೆಳಕು ಬಿದ್ದ ಕೂಡಲೇ ಕೊಂಕುತ್ತಾ ತಳಕ್ಕೆ ಇಳಿದವು. ಬಾಲದ ತುದಿಯ ನಳಿಕೆಯಿಂದ ಉಸಿರಾಡುವುದರಿಂದ ಅವು ಹಾಗೆ ತಲೆಕೆಳಗಾಗಿರುತ್ತವೆ. ಆ ಹುಡುಗನಿಗೆ ಕಚ್ಚಿದ್ದು ಇದೇ ತಟ್ಟೆಯ ಸೊಳ್ಳೆ ಅಂತ ಹೇಳಲು ಆಗುವುದಿಲ್ಲ. ಆದರೆ ಅಜ್ಜಿ ಅವತ್ತು ಮಾತಾಡಲಿಲ್ಲ. ಹುಡುಗ ಈಗ ಹುಷಾರಾಗಿದ್ದಾನೆ, ಗೋಲಿ ಆಡುತ್ತಾನೆ.

ಈಡಿಸ್ ಸೊಳ್ಳೆಯ ಕಾಲಿನ ಮೇಲೆ ಕಪ್ಪು ಬಿಳುಪು ಪಟ್ಟೆ ಇರುತ್ತದೆ. ಅದು ಹೆಚ್ಚಾಗಿ ಹಗಲಿನಲ್ಲೇ ಕಚ್ಚುತ್ತದೆ. ಡೆಂಗ್ಯೂ ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧಿ ಆಸ್ಪತ್ರೆಗಳಲ್ಲಿ ಇಲ್ಲ, ಜ್ವರಕ್ಕೆ ಮತ್ತು ನಿಶ್ಶಕ್ತಿಗೆ ಚಿಕಿತ್ಸೆ ಕೊಡುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು.

ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ತಟ್ಟೆಯನ್ನು ವಾರಕ್ಕೊಮ್ಮೆ ಖಾಲಿ ಮಾಡಬೇಕು. ನೀರು ಚೆಲ್ಲಿದರಷ್ಟೇ ಸಾಲದು, ಯಾಕೆಂದರೆ ಈ ಸೊಳ್ಳೆ ನೀರಿನ ಅಂಚಿನ ಮೇಲೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಒಣಗಿದ್ದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಬಂದಾಗ ಒಡೆಯುತ್ತದೆ. ಬ್ರಷ್ಷಿನಿಂದ ಅಂಚನ್ನೆಲ್ಲ ತಿಕ್ಕಿ ತೊಳೆಯಬೇಕು. ಕೆಲವು ತಟ್ಟೆಗಳು ಈಚೆಗೆ ಬರುತ್ತವೆ, ಕೆಲವು ಬರುವುದಿಲ್ಲ. ಬಾರದಿದ್ದರೆ ಸ್ಪಂಜಿನಿಂದ ನೀರು ಹೀರಿ, ಅದೇ ಸ್ಪಂಜಿನಿಂದ ಉಜ್ಜಿ. ಕಂಪ್ರೆಸರ್ ಬಿಸಿಯಿರುತ್ತದೆ, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಕಾಯಿರಿ. ಆ ನೀರನ್ನು ಚರಂಡಿಗೆ ಹಾಕಬೇಡಿ. ಬಿಸಿಲು ಬೀಳುವ ಒಣ ನೆಲದ ಮೇಲೆ ಚೆಲ್ಲಿದರೆ ಹುಳುಗಳು ಸಾಯುತ್ತವೆ.

ಹಿಂದಿನ ಕರೀ ಜಾಲರಿಗೆ ನೀರು ಬೇಡ. ಒಣ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು, ಕೊಳವೆ ಬಗ್ಗಿಸಬಾರದು. ಧೂಳು ಕಂಬಳಿಯ ಹಾಗೆ ಕೂತರೆ ಶಾಖ ಹೊರಗೆ ಹೋಗದೆ ಕಂಪ್ರೆಸರ್ ಸುಮ್ಮನೆ ಓಡುತ್ತಲೇ ಇರುತ್ತದೆ. ಕೆಲವು ಹೊಸ ಫ್ರಿಜ್‌ಗಳಲ್ಲಿ ಜಾಲರಿ ಕಾಣುವುದಿಲ್ಲ, ಪಕ್ಕದ ಗೋಡೆಯೊಳಗೆ ಇರುತ್ತದೆ. ಅಂಥ ಫ್ರಿಜ್ಜಿನ ಪಕ್ಕ ಮುಟ್ಟಿದರೆ ಬಿಸಿ, ಅದನ್ನು ನೋಡಿ ಹೆದರಬೇಕಾಗಿಲ್ಲ.

ಫ್ರಿಜ್ ಇಲ್ಲದವರು ನಮಗೇನು ಅನ್ನಬೇಡಿ. ಕೋಳಿಗೆ ನೀರಿಡುವ ಚಿಪ್ಪು, ಹಿತ್ತಲಿನ ಹಳೇ ಟೈರು, ಹೂವಿನ ಕುಂಡದ ಕೆಳಗಿನ ತಟ್ಟೆ ನೋಡಿ ಬನ್ನಿ.

ಕೊನೆಗೆ ಒಂದು ಪ್ರಶ್ನೆ. ಬೇಸಿಗೆಯಲ್ಲಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಫ್ರಿಜ್ಜಿನ ಬಾಗಿಲನ್ನು ದಿನವಿಡೀ ತೆರೆದಿಟ್ಟರೆ ಕೋಣೆ ತಣ್ಣಗಾಗುತ್ತದೋ, ಬಿಸಿಯಾಗುತ್ತದೋ? ಕಾರಣದ ಜೊತೆ ಚೀಟಿಯಲ್ಲಿ ಬರೆದು ಗೋಡೆ ಪತ್ರಿಕೆಯ ಕೆಳಗಿರುವ ಡಬ್ಬಕ್ಕೆ ಹಾಕಿ. ಉತ್ತರ ಮುಂದಿನ ಸಂಚಿಕೆಯಲ್ಲಿ.

- 7ನೇ ತರಗತಿ